ವಿಡಿಯೊ ಸಂದರ್ಶನ: ಮಾತನ್ನು ಅಳೆಯುವ ಯತ್ನದ ಒಂದು ಶತಮಾನ

ಅಭ್ಯರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಅವನ ಮಾತಿನಿಂದ ಯೋಗ್ಯತೆಯನ್ನು ಅಳೆಯುವ ಪದ್ಧತಿ ಎಷ್ಟು ನಂಬಲರ್ಹವೆಂಬ ಪ್ರಶ್ನೆ, ಕ್ಯಾಮೆರಾ ಸಂದರ್ಶನದ ಕೋಣೆಯನ್ನು ಪ್ರವೇಶಿಸುವುದಕ್ಕೆ ಬಹಳ ಹಿಂದೆಯೇ ಎದ್ದಿತ್ತು. ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಹಾಲಿಂಗ್‌ವರ್ತ್ 1922ರಲ್ಲಿ ಪ್ರಕಟಿಸಿದ ವರದಿಯಂತೆ, ಮಾರಾಟಗಾರರ ಹುದ್ದೆಯ 57 ಅಭ್ಯರ್ಥಿಗಳನ್ನು 12 ಮಂದಿ ಮಾರಾಟ ವ್ಯವಸ್ಥಾಪಕರು ಬೇರೆಬೇರೆಯಾಗಿ ಸಂದರ್ಶಿಸಿ ಕ್ರಮಾಂಕ ನೀಡಿದಾಗ, ಒಬ್ಬರು ಮೇಲಿಟ್ಟವನನ್ನು ಮತ್ತೊಬ್ಬರು ತೀರ ಕೆಳಗಿಟ್ಟಿದ್ದರು.

ಈ ದೋಷಕ್ಕೆ ಪರಿಹಾರವಾಗಿ ರೂಪುಗೊಂಡದ್ದು ರಚನಾಬದ್ಧ ಸಂದರ್ಶನ, ಅಂದರೆ ಎಲ್ಲರಿಗೂ ಅವೇ ಪ್ರಶ್ನೆಗಳನ್ನು ಕೇಳಿ, ಮೊದಲೇ ಗೊತ್ತುಪಡಿಸಿದ ಮಾನದಂಡದಂತೆ ಅಂಕ ನೀಡುವ ಕ್ರಮ. ಸಂದರ್ಶನದ ಅಂಕಕ್ಕೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಇರುವ ಸಂಬಂಧವನ್ನು ಸೊನ್ನೆಯಿಂದ ಒಂದರವರೆಗೆ ಅಳೆದರೆ, ಮನೋವಿಜ್ಞಾನಿಗಳಾದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಅವರ 1998ರ ಸಮೀಕ್ಷೆ ರಚನಾಬದ್ಧ ಸಂದರ್ಶನಕ್ಕೆ 0.51ನ್ನೂ ಕಟ್ಟುಪಾಡಿಲ್ಲದ ಸಂದರ್ಶನಕ್ಕೆ 0.38ನ್ನೂ ನೀಡಿತು.

ಅಮೆರಿಕದ ಯೂಟಾ ರಾಜ್ಯದಲ್ಲಿ 2004ರಲ್ಲಿ ಸ್ಥಾಪನೆಯಾದ ಹೈರ್‌ವ್ಯೂ ಎಂಬ ಕಂಪನಿ ಸಂದರ್ಶನಕ್ಕೆ ಕ್ಯಾಮೆರಾವನ್ನು ತಂದು, ಮನೆಮನೆಯಲ್ಲಿ ವೆಬ್‌ಕ್ಯಾಮ್ ಇಲ್ಲದಿದ್ದ ಆ ದಿನಗಳಲ್ಲಿ ಅಭ್ಯರ್ಥಿಗಳಿಗೆ ಅದನ್ನು ಅಂಚೆಯಲ್ಲಿ ಕಳಿಸಿ ಉತ್ತರಗಳನ್ನು ಚಿತ್ರೀಕರಿಸಿಕೊಂಡಿತು. ಪ್ರಶ್ನೆ ಪರದೆಯ ಮೇಲೆ ಮೂಡಿದೊಡನೆ ಅಭ್ಯರ್ಥಿ ಗೊತ್ತಾದ ಅವಧಿಯೊಳಗೆ ಒಬ್ಬನೇ ಉತ್ತರಿಸುವ, ಆಯ್ಕೆಗಾರರು ಅದನ್ನು ಬಿಡುವಾದಾಗ ನೋಡುವ ಈ ವಿಧಾನವನ್ನು ಏಕಮುಖ ವಿಡಿಯೊ ಸಂದರ್ಶನವೆನ್ನಬಹುದು. ಪ್ರಶ್ನೆಯೂ ಸಮಯವೂ ಎಲ್ಲರಿಗೂ ಒಂದೇ ಆಗಿದ್ದುದರಿಂದ ರಚನಾಬದ್ಧತೆಯ ಒಂದು ಅಂಶ ಇದರಲ್ಲಿ ತಾನಾಗಿಯೇ ಬಂದಿತಾದರೂ, ಕೇಳುಗನ ಮುಖಭಾವವನ್ನು ಗಮನಿಸಿ ಮಾತನ್ನು ತಿದ್ದಿಕೊಳ್ಳುವ, ಮರುಪ್ರಶ್ನೆಗೆ ಸ್ಪಂದಿಸುವ ಸಾಮರ್ಥ್ಯಗಳು, ಸಂವಹನದ ತಿರುಳೇ ಆಗಿದ್ದರೂ, ಪರೀಕ್ಷೆಯಿಂದ ಹೊರಗುಳಿದವು.

ಮುಂದೆ ಅಂಕ ನೀಡುವ ಕೆಲಸವೂ ಯಂತ್ರದ ಪಾಲಾಗಿ, ಮಾತಿನೊಂದಿಗೆ ಮುಖದ ಚಲನೆಯನ್ನೂ ತಂತ್ರಾಂಶ ಅಳೆಯತೊಡಗಿದಾಗ ವಿವಾದ ಹುಟ್ಟಿತು. 2019ರ ನವೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಪ್ರೈವಸಿ ಇನ್ಫರ್ಮೇಶನ್ ಸೆಂಟರ್ ಎಂಬ ಸಂಸ್ಥೆ ಹೈರ್‌ವ್ಯೂ ವಿರುದ್ಧ ಅಮೆರಿಕದ ವ್ಯಾಪಾರ ನಿಯಂತ್ರಕ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ಗೆ ದೂರು ಸಲ್ಲಿಸಿತು. 2020ರ ಜನವರಿ 1ರಂದು ಜಾರಿಗೆ ಬಂದ ಇಲಿನಾಯ್ ರಾಜ್ಯದ ಕಾನೂನು, ಕೃತಕ ಬುದ್ಧಿಮತ್ತೆಯಿಂದ ವಿಡಿಯೊ ಪರಿಶೀಲಿಸುವವರು ಅದನ್ನು ಮೊದಲೇ ತಿಳಿಸಿ, ವಿವರಿಸಿ, ಒಪ್ಪಿಗೆ ಪಡೆಯಬೇಕೆಂದೂ, ಅಭ್ಯರ್ಥಿ ಕೋರಿದರೆ ವಿಡಿಯೊವನ್ನು 30 ದಿನಗಳೊಳಗೆ ಅಳಿಸಬೇಕೆಂದೂ ವಿಧಿಸಿತು. ಮುಖದ ವಿಶ್ಲೇಷಣೆಯನ್ನು ಕೈಬಿಟ್ಟಿರುವುದಾಗಿ ಹೈರ್‌ವ್ಯೂ 2021ರ ಜನವರಿಯಲ್ಲಿ ಪ್ರಕಟಿಸಿತು. ಕೆಲಸದ ಸ್ಥಳದಲ್ಲಿ ಯಂತ್ರದ ಮೂಲಕ ಭಾವನೆಗಳನ್ನು ಊಹಿಸುವುದನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಹೊರತುಪಡಿಸಿ, ನಿಷೇಧಿಸುವ ಯುರೋಪಿಯನ್ ಒಕ್ಕೂಟದ ನಿಯಮ 2025ರ ಫೆಬ್ರವರಿ 2ರಿಂದ ಅನ್ವಯಕ್ಕೆ ಬಂದಿದೆ.