ಮಡ್ಡಿ ಬದುವಿನ ಕತ್ತಾಳಿ: ಬೇಲಿ ಒಬ್ಬರದು, ಹಗ್ಗ ಇನ್ನೊಬ್ಬರದು

ಅಥಣಿ, ರಾಯಬಾಗ ಕಡೆಯ ಮಡ್ಡಿ ಹೊಲಗಳಲ್ಲಿ ಕತ್ತಾಳಿ ನೋಡದವರು ಯಾರು? ಎಲೆಯ ಅಂಚಿಗೆ ಮುಳ್ಳು, ತುದಿಗೆ ದಬ್ಬಣದಂಥ ಮೊನೆ, ವರ್ಷವಿಡೀ ಹಸಿರು. ನಿಪ್ಪಾಣಿ, ಕಾಗವಾಡದ ಮರಾಠಿ ಮನೆಗಳಲ್ಲಿ ಇದು ಘಾಯಪಾತ. ಮುತ್ತಜ್ಜನ ಕಾಲದಿಂದ ಇದೆ, ಹಾಗಾಗಿ ನಮ್ಮ ಮಣ್ಣಿನದೇ ಗಿಡ ಅಂದುಕೊಂಡಿದ್ದೇವೆ. ಅಲ್ಲ, ಇದರ ತವರು ಮೆಕ್ಸಿಕೊ. 1492ರಲ್ಲಿ ಕೊಲಂಬಸ್ ಅಮೆರಿಕ ಮುಟ್ಟಿದ ಮೇಲೆಯೇ ಇದು ಸಮುದ್ರ ದಾಟಿದ್ದು. ಬಸವಣ್ಣನವರ ಕಾಲದ ಬದುಗಳಲ್ಲಿ ಈ ಗಿಡ ಇರಲಿಲ್ಲ. ನಿಪ್ಪಾಣಿಯ ತಂಬಾಕು, ನಮ್ಮ ರೊಟ್ಟಿ ಜೊತೆಗಿನ ಮೆಣಸಿನಕಾಯಿ ಕೂಡ ಅದೇ ಅಮೆರಿಕದಿಂದ ಬಂದವು.

ಕಲ್ಲಿನ ಸಂದಿಯಲ್ಲಿ ಒಂದು ಮರಿ ಊರಿದರೆ ಸಾಕು, ನೀರು ಕೇಳುವುದಿಲ್ಲ. ಬಿಸಿಲಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ಉಸಿರಾಡುತ್ತದೆ. ಹತ್ತು, ಇಪ್ಪತ್ತು ವರ್ಷ ಸುಮ್ಮನಿದ್ದು ಒಮ್ಮೆ ಕಂಬದಂತೆ ಹೂದಂಡು ಎತ್ತುತ್ತದೆ, ಹೂ ಮುಗಿದ ಮೇಲೆ ತಾಯಿಗಿಡ ಒಣಗುತ್ತದೆ, ಸುತ್ತ ಮರಿಗಳು ಉಳಿಯುತ್ತವೆ. ದನ ತಿನ್ನದ, ಯಾರೂ ದಾಟದ ಇಂಥ ಬೇಲಿಯನ್ನು ರೈಲ್ವೆಯವರೂ ಬಿಡಲಿಲ್ಲ, ದೇಶದ ಎಷ್ಟೋ ಕಡೆ ಹಳಿ ಪಕ್ಕ ನೆಟ್ಟರು.

ಬೇಲಿ ಹೊಲ ಇದ್ದವರದು. ಹಗ್ಗ ಮಾತ್ರ ಹೊಲ ಇಲ್ಲದವರ ಕೈಕೆಲಸ. ಹಗ್ಗ ಮಾಡುವುದು ಮಾಂಗ ಸಮಾಜದ ಕಸುಬು ಎಂದು ಬೆಳಗಾವಿ ಮುಂಬೈ ಇಲಾಖೆಗೆ ಸೇರಿದ್ದ ಕಾಲದ ಸರಕಾರಿ ಪುಸ್ತಕಗಳು ಒಂದೇ ಸಾಲಿನಲ್ಲಿ ಬರೆದು ಮುಗಿಸಿವೆ. ಕೆಲಸ ಮಾತ್ರ ಒಂದು ಸಾಲಿನದಲ್ಲ. ಎಲೆ ಕೊಯ್ದು, ಮುಳ್ಳಂಚು ಸವರಿ, ದಿನಗಟ್ಟಲೆ ನೀರಲ್ಲಿ ಕೊಳೆಹಾಕಬೇಕು. ಆ ನಾತ ಊರೊಳಗೆ ಯಾರೂ ತಾಳುತ್ತಿರಲಿಲ್ಲ. ಹಸಿ ರಸ ತಾಗಿದರೆ ಮೈ ತುರಿಸಿ ಗುಳ್ಳೆ ಏಳುತ್ತದೆ. ಕೊಳೆತದ್ದನ್ನು ಕಲ್ಲಿಗೆ ಬಡಿದು, ತೊಳೆದು, ಒಣಗಿಸಿದರೆ ಬೆಳ್ಳನೆಯ ನಾರು. ಆಮೇಲೆ ಹೊಸೆಯುವುದು: ಎತ್ತಿನ ಕಣ್ಣಿ, ದಾವಣಿ, ಬಾವಿ ಹಗ್ಗ. ಕೂಲಿ ರೊಕ್ಕದಲ್ಲಲ್ಲ, ಸುಗ್ಗಿಯಲ್ಲಿ ಆಯದ ಕಾಳು. ಅವರು ಹೊಸೆದ ಹಗ್ಗದಿಂದ ಬಾವಿ ನೀರು ಸೇದಿದ ಊರು, ಅದೇ ಬಾವಿಯನ್ನು ಅವರಿಗೆ ಮುಟ್ಟಗೊಡಲಿಲ್ಲ. ಕತ್ತಾಳಿಯ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಚುಚ್ಚುವ ಮುಳ್ಳು ಇದೇ.

1935ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ನೈಲಾನ್ ಹುಟ್ಟಿತು. ಗಿಡವೂ ಅತ್ತಲಿನದೇ, ಅದನ್ನು ಸೋಲಿಸಿದ್ದೂ ಅತ್ತಲಿನದೇ! ಬಣ್ಣದ ಪ್ಲಾಸ್ಟಿಕ್ ಹಗ್ಗ ಸಂತೆಗೆ ಬಂದಾಗ ನಾರಿನ ಹಗ್ಗ ಕೇಳುವವರು ಕಡಿಮೆಯಾದರು. ಕೃಷ್ಣೆಯ ನೀರು ಹರಿದು ಕಬ್ಬು ಬಂದಲ್ಲಿ ಒಂದೊಂದು ಅಡಿ ಜಾಗಕ್ಕೂ ಬೆಲೆ ಬಂತು. ಆಳಗಲದ ಕತ್ತಾಳಿ ಜೆಸಿಬಿ ಬಾಯಿಗೆ ಹೋಯಿತು. ತಮಾಷೆಯೆಂದರೆ, ಎಲೆಯಂಚಿಗೆ ಹಳದಿ ಗೆರೆಯಿರುವ ಅದರದೇ ತಳಿಯನ್ನು ಈಗ ನರ್ಸರಿಯಿಂದ ರೊಕ್ಕ ಕೊಟ್ಟು ತಂದು ಬಂಗಲೆ ಮುಂದಿನ ಕಲ್ಲುತೋಟದಲ್ಲಿ ನೆಡುತ್ತಾರೆ.

ನಿಮ್ಮೂರಲ್ಲಿ ಕತ್ತಾಳಿ ನಾರು ಬಡಿದ ಹಿರಿಯರು ಇದ್ದರೆ ಅವರ ಬಳಿ ಕುಳಿತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಒಂದು ಬಾವಿ ಹಗ್ಗಕ್ಕೆ ಎಷ್ಟು ಎಲೆ ಬೇಕಿತ್ತು, ಎಷ್ಟು ದಿನ ಹಿಡಿಯಿತು, ಎಷ್ಟು ಸೇರು ಜೋಳ ಸಿಕ್ಕಿತು ಎಂದು ತಪ್ಪದೆ ಕೇಳಿ.