ಬಂಜೆತನ ಚಿಕಿತ್ಸೆ: ಒತ್ತಡ ನಿರ್ವಹಣೆ

ಸಂತಾನಕ್ಕಾಗಿ ಚಿಕಿತ್ಸೆ ಪಡೆಯುವ ದಂಪತಿಗಳ ಆತಂಕ, ಖಿನ್ನತೆಗಳನ್ನು ತಗ್ಗಿಸುವ ಮನೋವೈದ್ಯಕೀಯ ಹಾಗೂ ಸಾಮಾಜಿಕ ಕ್ರಮಗಳ ಸಮೂಹ. ಹಾರ್ಮೋನು ಚುಚ್ಚುಮದ್ದು, ಪದೇಪದೇ ಸ್ಕ್ಯಾನಿಂಗ್, ಭ್ರೂಣ ವರ್ಗಾವಣೆಯ ಅನಂತರ ಫಲಿತಾಂಶಕ್ಕಾಗಿ ಸುಮಾರು ಎರಡು ವಾರಗಳ ಕಾಯುವಿಕೆ, ಖರ್ಚು, ಬಂಧುಗಳ ವಿಚಾರಣೆ ಒತ್ತಡದ ಮುಖ್ಯ ಕಾರಣಗಳು. ಮಣಿಪಾಲದ ಚಿಕಿತ್ಸಾಲಯವೊಂದರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 80ರಷ್ಟು ಮಹಿಳೆಯರಲ್ಲಿ ಬಂಜೆತನ ಸಂಬಂಧಿತ ಒತ್ತಡ ಕಂಡುಬಂದಿತು.

ಆಪ್ತಸಮಾಲೋಚನೆ, ಅರಿವಿನ ವರ್ತನಾ ಚಿಕಿತ್ಸೆ, ಉಸಿರಾಟದ ಅಭ್ಯಾಸ, ಯೋಗ, ಸಂಗಾತಿಯ ಸಹಭಾಗಿತ್ವ ಪ್ರಮುಖ ವಿಧಾನಗಳು. ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಅಧಿನಿಯಮ, 2021ರ ಪ್ರಕಾರ ಚಿಕಿತ್ಸಾಲಯಗಳು ಯಶಸ್ಸಿನ ಸಾಧ್ಯತೆ, ಅಪಾಯ, ವೆಚ್ಚಗಳ ಕುರಿತು ವೃತ್ತಿಪರ ಸಮಾಲೋಚನೆ ಒದಗಿಸಬೇಕು. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿಯಲ್ಲಿ (14416) ಕನ್ನಡದಲ್ಲೂ ಉಚಿತ ನೆರವು ಲಭ್ಯ.



14 ಅಧ್ಯಯನಗಳ 3,583 ಮಹಿಳೆಯರನ್ನು ಒಳಗೊಂಡ 2011ರ ವಿಶ್ಲೇಷಣೆಯ ಪ್ರಕಾರ, ಚಿಕಿತ್ಸೆಗೆ ಮೊದಲಿನ ಮಾನಸಿಕ ಒತ್ತಡಕ್ಕೂ ಆ ಆವರ್ತದಲ್ಲಿ ಗರ್ಭ ನಿಲ್ಲುವುದಕ್ಕೂ ಸಂಬಂಧ ಕಂಡುಬಂದಿಲ್ಲ. ವೈಫಲ್ಯಕ್ಕೆ ಮಹಿಳೆಯ ಚಿಂತೆಯೇ ಕಾರಣವೆಂಬ ನಂಬಿಕೆಯನ್ನು ಇದು ಸಮರ್ಥಿಸುವುದಿಲ್ಲ. ಜೀವನದ ಗುಣಮಟ್ಟ ಕಾಪಾಡುವುದು, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದನ್ನು ತಡೆಯುವುದು ಒತ್ತಡ ನಿರ್ವಹಣೆಯ ಮುಖ್ಯ ಉದ್ದೇಶಗಳು.