ಸೈಕಲ್ ಸವಾರಿಯೊಂದಿಗೆ ಭಾರ ವ್ಯಾಯಾಮ: ದೈಹಿಕ ಸಾಮರ್ಥ್ಯ ಹಾಗೂ ತೂಕ ಇಳಿಕೆಗೆ ಸಂಬಂಧಿಸಿದ ಮಾಹಿತಿ

ಪೀಠಿಕೆ

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯ ಪ್ರದೇಶಗಳಲ್ಲಿ ಸೈಕಲ್ ಬಳಸುವವರಲ್ಲಿ ಮುಖ್ಯವಾಗಿ ಎರಡು ವರ್ಗಗಳಿವೆ. ಪೀಣ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ತೆರಳುವ ಕಾರ್ಮಿಕರಿಗೆ ಸೈಕಲ್ ಕಡಿಮೆ ವೆಚ್ಚದ ವಾಹನವಾಗಿದೆ. ವೈಟ್‌ಫೀಲ್ಡ್ ಹಾಗೂ ಎಲೆಕ್ಟ್ರಾನಿಕ್ ಸಿಟಿಯ ಮಾಹಿತಿ ತಂತ್ರಜ್ಞಾನ ಉದ್ಯೋಗಿಗಳಲ್ಲಿ ಅನೇಕರಿಗೆ ಅದು ದಿನವಿಡೀ ಕುಳಿತು ಮಾಡುವ ಕೆಲಸದ ದುಷ್ಪರಿಣಾಮವನ್ನು ತಗ್ಗಿಸುವ ವ್ಯಾಯಾಮವಾಗಿದೆ.

ಸೈಕಲ್ ತುಳಿಯುವವರಿಗೆ ಬೇರೆ ವ್ಯಾಯಾಮದ ಅಗತ್ಯವಿಲ್ಲ ಎಂಬ ಭಾವನೆ ಎರಡೂ ವರ್ಗಗಳಲ್ಲಿ ಕಂಡುಬರುತ್ತದೆ. ಇದು ಭಾಗಶಃ ಮಾತ್ರ ಸರಿ. ಸೈಕಲ್ ಸವಾರಿಯು ಹೃದಯ ಮತ್ತು ಶ್ವಾಸಕೋಶಗಳನ್ನು ಬಲಪಡಿಸುತ್ತದೆ ಹಾಗೂ ಕೊಬ್ಬನ್ನು ಕರಗಿಸಲು ನೆರವಾಗುತ್ತದೆ. ಆದರೆ ತೂಕ ಇಳಿಯುವಾಗ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುವುದನ್ನು ತಡೆಯಲು ಸವಾರಿಯೊಂದೇ ಸಾಲದು. ಈ ಕೊರತೆಯನ್ನು ವಾರಕ್ಕೆ 2 ದಿನಗಳ ಭಾರ ವ್ಯಾಯಾಮವು ತುಂಬಬಲ್ಲದು.

ಎರಡು ಬಗೆಯ ವ್ಯಾಯಾಮಗಳು

1. ಕಾರ್ಡಿಯೋ ಎಂದು ಕರೆಯಲಾಗುವ ವ್ಯಾಯಾಮ: ಹೃದಯದ ಬಡಿತ ಹಾಗೂ ಉಸಿರಾಟವನ್ನು ಹೆಚ್ಚಿಸಿ, ಸಾಕಷ್ಟು ಹೊತ್ತು ಎಡೆಬಿಡದೆ ಮಾಡುವಂತಹುದು. ಸೈಕಲ್ ಸವಾರಿ, ಬಿರುಸು ನಡಿಗೆ, ಓಟ ಮತ್ತು ಈಜು ಈ ಗುಂಪಿಗೆ ಸೇರುತ್ತವೆ.

2. ಭಾರ ವ್ಯಾಯಾಮ: ಸ್ನಾಯುಗಳು ಭಾರದ ವಿರುದ್ಧ ಕೆಲಸ ಮಾಡುವಂತಹುದು. ಡಂಬೆಲ್, ಬಾರ್‌ಬೆಲ್ ಅಥವಾ ತನ್ನದೇ ದೇಹದ ತೂಕವನ್ನು ಬಳಸಬಹುದು. ಗರಡಿಮನೆಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಬಸ್ಕಿ, ದಂಡ ಮತ್ತು ಗದೆ ತಿರುಗಿಸುವ ಸಾಮುಗಳು ಈ ಬಗೆಯವೇ ಆಗಿವೆ.

ಭಾರ ವ್ಯಾಯಾಮವೆಂದರೆ ಭಾರ ಎತ್ತುವ ಕ್ರೀಡಾ ಸ್ಪರ್ಧೆಯಲ್ಲ. 2018 ಮತ್ತು 2022ರ ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ ಕ್ರಮವಾಗಿ ಬೆಳ್ಳಿ ಹಾಗೂ ಕಂಚಿನ ಪದಕ ಗಳಿಸಿದ ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿ ಅವರಂತಹ ಕ್ರೀಡಾಪಟುಗಳ ಗುರಿ ಅತಿ ಹೆಚ್ಚಿನ ಭಾರವನ್ನು ಎತ್ತುವುದು. ಸಾಮಾನ್ಯ ಸವಾರನ ಗುರಿ ಸ್ನಾಯು ಮತ್ತು ಮೂಳೆಗಳನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು. ಇದಕ್ಕೆ ಮಿತವಾದ ಭಾರವೇ ಸಾಕು.

ಭಾರತೀಯರಲ್ಲಿ ಸ್ನಾಯುವಿನ ಮಹತ್ವ

ಅಷ್ಟೇ ತೂಕದ ಯೂರೋಪಿಯನ್ನರಿಗೆ ಹೋಲಿಸಿದಲ್ಲಿ ಭಾರತೀಯರಲ್ಲಿ ಕೊಬ್ಬಿನ ಅಂಶ ಹೆಚ್ಚಾಗಿಯೂ ಸ್ನಾಯುವಿನ ಅಂಶ ಕಡಿಮೆಯಾಗಿಯೂ ಇರುತ್ತದೆ. ಹೊಟ್ಟೆಯ ಭಾಗದಲ್ಲಿ ಸಂಗ್ರಹವಾಗುವ ಕೊಬ್ಬು ಮಧುಮೇಹ ಹಾಗೂ ಹೃದ್ರೋಗಗಳಿಗೆ ದಾರಿಯಾಗುತ್ತದೆ. ಆದುದರಿಂದ ದೇಹದ ತೂಕ ಸೂಚ್ಯಂಕವು (ಕಿಲೋಗ್ರಾಂಗಳಲ್ಲಿನ ತೂಕವನ್ನು ಮೀಟರುಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ) 23 ದಾಟಿದರೆ ಅಧಿಕ ತೂಕವೆಂದೂ, 25 ಮುಟ್ಟಿದರೆ ಬೊಜ್ಜು ಎಂದೂ ಭಾರತೀಯರಲ್ಲಿ ಪರಿಗಣಿಸಲಾಗುತ್ತದೆ. ಸೊಂಟದ ಸುತ್ತಳತೆಯು ಪುರುಷರಲ್ಲಿ 90 ಸೆಂ.ಮೀ. ಹಾಗೂ ಮಹಿಳೆಯರಲ್ಲಿ 80 ಸೆಂ.ಮೀ. ಮೀರಬಾರದು.

ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಂಡು ಬಳಸುವುದರಲ್ಲಿ ಸ್ನಾಯುಗಳ ಪಾತ್ರ ದೊಡ್ಡದು. ಮೊದಲೇ ಸ್ನಾಯು ಕಡಿಮೆ ಇರುವವರು ಊಟ ಬಿಟ್ಟು, ಕೇವಲ ಸೈಕಲ್ ತುಳಿದು ತೂಕ ಇಳಿಸಿದಲ್ಲಿ ತಕ್ಕಡಿಯ ಅಂಕಿ ಇಳಿದರೂ ಆರೋಗ್ಯದಲ್ಲಿ ನಿರೀಕ್ಷಿತ ಸುಧಾರಣೆ ಕಾಣದಿರಬಹುದು.

ಸೈಕಲ್ ಸವಾರಿಯ ಮಿತಿಗಳು

ಸುಮಾರು 70 ಕಿ.ಗ್ರಾಂ. ತೂಕದ ವ್ಯಕ್ತಿಯು ಗಂಟೆಗೆ 16ರಿಂದ 19 ಕಿ.ಮೀ. ವೇಗದಲ್ಲಿ ಒಂದು ಗಂಟೆ ಸವಾರಿ ಮಾಡಿದಲ್ಲಿ ಅಂದಾಜು 450ರಿಂದ 480 ಕಿಲೋ ಕ್ಯಾಲೊರಿ ಶಕ್ತಿ ವ್ಯಯವಾಗುತ್ತದೆ. ಇದು ಗಣನೀಯ ಪ್ರಮಾಣವಾಗಿದ್ದು, ಮಂಡಿಗಳ ಮೇಲೆ ಹೆಚ್ಚಿನ ಹೊಡೆತ ಬೀಳದೆ ದೊರೆಯುವ ಲಾಭವಾಗಿದೆ. ಆದರೂ ಈ ಕೆಳಕಂಡ ಮಿತಿಗಳನ್ನು ಗಮನಿಸುವುದು ಸೂಕ್ತ:

(ಅ) ಸೈಕಲ್ ದೇಹದ ಭಾರವನ್ನು ಹೊರುವುದರಿಂದ ಮೂಳೆಗಳಿಗೆ ದೊರೆಯಬೇಕಾದ ಒತ್ತಡ ದೊರೆಯುವುದಿಲ್ಲ. ಬಹುಕಾಲ ಸೈಕಲ್ಲನ್ನೇ ಅವಲಂಬಿಸಿದ ಸ್ಪರ್ಧಾಳುಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಕಡಿಮೆ ಇರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ.

(ಆ) ಭುಜ, ತೋಳು, ಎದೆ ಮತ್ತು ಬೆನ್ನಿನ ಮೇಲ್ಭಾಗದ ಸ್ನಾಯುಗಳಿಗೆ ಸಾಕಷ್ಟು ಕೆಲಸವಿರುವುದಿಲ್ಲ.

(ಇ) ಗಣಕಯಂತ್ರದ ಮುಂದೆ ಬಾಗಿ ಕುಳಿತವರು ಸೈಕಲ್ ಮೇಲೂ ಬಾಗಿಯೇ ಕುಳಿತುಕೊಳ್ಳುತ್ತಾರೆ. ಬೆನ್ನು ಬಲಗೊಳ್ಳದಿದ್ದಲ್ಲಿ ಸೊಂಟ ಹಾಗೂ ಕುತ್ತಿಗೆಯ ನೋವು ಹೆಚ್ಚಬಹುದು.

(ಈ) ದೇಹವು ನಿತ್ಯದ ದಾರಿಗೆ ಒಗ್ಗಿಕೊಳ್ಳುತ್ತದೆ. ಅದೇ 5 ಕಿ.ಮೀ. ದಾರಿಯನ್ನು ಅದೇ ವೇಗದಲ್ಲಿ ವರ್ಷಗಟ್ಟಲೆ ಕ್ರಮಿಸಿದರೆ ಆರೋಗ್ಯ ಉಳಿಯುತ್ತದೆಯೇ ಹೊರತು ಸಾಮರ್ಥ್ಯ ಬೆಳೆಯುವುದಿಲ್ಲ.

ಎರಡನ್ನೂ ಕೂಡಿಸಬಹುದೇ?

ಕಾರ್ಡಿಯೋ ಮತ್ತು ಭಾರ ವ್ಯಾಯಾಮಗಳು ಪರಸ್ಪರ ಅಡ್ಡಿಯಾಗುತ್ತವೆ ಎಂಬ ಮಾತು ಜಿಮ್‌ಗಳಲ್ಲಿ ಪ್ರಚಲಿತವಾಗಿದೆ. ಇದರ ಮೂಲ 1980ರಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಪ್ರಕಟಿಸಿದ 10 ವಾರಗಳ ಅಧ್ಯಯನ. ಎರಡನ್ನೂ ಕೂಡಿಸಿ ಮಾಡಿದವರ ಬಲವು ಮೊದಲ ವಾರಗಳಲ್ಲಿ ಹೆಚ್ಚಿ, ನಂತರ ನಿಂತು, ಕೊನೆಯಲ್ಲಿ ಇಳಿಮುಖವಾಯಿತು. ಆದರೆ ಅವರು ವಾರಕ್ಕೆ 5 ದಿನ ಭಾರ ವ್ಯಾಯಾಮವನ್ನೂ 6 ದಿನ ತೀವ್ರ ಕಾರ್ಡಿಯೋ ವ್ಯಾಯಾಮವನ್ನೂ ಮಾಡುತ್ತಿದ್ದರು. ಉದ್ಯೋಗಸ್ಥರು ಮಾಡಬಹುದಾದ ಪ್ರಮಾಣಕ್ಕೆ ಈ ಫಲಿತಾಂಶ ಅನ್ವಯವಾಗದು. ಅಡ್ಡಿಯು ಓಟಕ್ಕಿಂತ ಸೈಕಲ್ ಸವಾರಿಯಲ್ಲಿ ಕಡಿಮೆ ಎಂಬುದನ್ನೂ ಮುಂದಿನ ಸಂಶೋಧನೆಗಳು ಸೂಚಿಸಿವೆ.

ತೂಕ ಇಳಿಕೆಗೆ ಸಂಬಂಧಿಸಿದಂತೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವು 2012ರಲ್ಲಿ ಪ್ರಕಟಿಸಿದ 8 ತಿಂಗಳ ಅಧ್ಯಯನವು ಉಪಯುಕ್ತವಾಗಿದೆ. ಅಧಿಕ ತೂಕದ ವಯಸ್ಕರ ಪೈಕಿ ಕಾರ್ಡಿಯೋ ಮಾತ್ರ ಮಾಡಿದವರಲ್ಲಿ ಕೊಬ್ಬು ಇಳಿಯಿತು. ಭಾರ ವ್ಯಾಯಾಮ ಮಾತ್ರ ಮಾಡಿದವರಲ್ಲಿ ಸ್ನಾಯು ಹೆಚ್ಚಿದರೂ ಕೊಬ್ಬು ಗಮನಾರ್ಹವಾಗಿ ಇಳಿಯಲಿಲ್ಲ. ಎರಡನ್ನೂ ಮಾಡಿದವರಲ್ಲಿ ಕೊಬ್ಬು ಇಳಿದು ಸ್ನಾಯುವೂ ಹೆಚ್ಚಿತು. ಇದಕ್ಕೆ ಅವರು ಹೆಚ್ಚು ಸಮಯವನ್ನು ನೀಡಬೇಕಾಯಿತು ಎಂಬುದು ಸಹ ಗಮನಾರ್ಹ.

ನಾರ್ವೆಯಲ್ಲಿ ನುರಿತ ಸೈಕಲ್ ಸವಾರರ ಮೇಲೆ ನಡೆದ ಅಧ್ಯಯನದಲ್ಲಿ, 12 ವಾರಗಳ ಕಾಲ ವಾರಕ್ಕೆ 2 ದಿನ ಭಾರ ವ್ಯಾಯಾಮವನ್ನು ಸೇರಿಸಿದವರು 3 ಗಂಟೆ ಮೀರಿದ ಸವಾರಿಯ ಕೊನೆಯ 5 ನಿಮಿಷಗಳಲ್ಲಿ ಮೊದಲಿಗಿಂತ ಹೆಚ್ಚು ಶಕ್ತಿಯಿಂದ ತುಳಿಯಬಲ್ಲವರಾದರು. ಭಾನುವಾರಗಳಂದು ಸಮುದ್ರ ಮಟ್ಟದಿಂದ 1,478 ಮೀ. ಎತ್ತರದ ನಂದಿಬೆಟ್ಟಕ್ಕೆ ಸವಾರಿ ಹೋಗುವವರಿಗೆ ಇದರ ಪ್ರಯೋಜನ ಸುಲಭವಾಗಿ ಅರ್ಥವಾಗುವಂತಹುದು.

ಶಿಫಾರಸು ಮಾಡಲಾದ ಪ್ರಮಾಣ

ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ತೀವ್ರತೆಯ ಅಥವಾ 75ರಿಂದ 150 ನಿಮಿಷ ಹೆಚ್ಚಿನ ತೀವ್ರತೆಯ ವ್ಯಾಯಾಮ ಮಾಡಬೇಕೆಂದೂ, ಇದರೊಂದಿಗೆ ವಾರಕ್ಕೆ ಕನಿಷ್ಠ 2 ದಿನ ಎಲ್ಲ ಪ್ರಮುಖ ಸ್ನಾಯುಗಳಿಗೆ ಬಲವರ್ಧಕ ವ್ಯಾಯಾಮ ನೀಡಬೇಕೆಂದೂ ತಿಳಿಸಿದೆ. ಸವಾರಿಯ ವೇಳೆ ಮಾತನಾಡಲು ಸಾಧ್ಯವಾಗಿ, ಹಾಡಲು ಸಾಧ್ಯವಾಗದಿದ್ದಲ್ಲಿ ಅದು ಸಾಧಾರಣ ತೀವ್ರತೆ.

ವಾರದ ಮಾದರಿ ವೇಳಾಪಟ್ಟಿ

ಸೋಮವಾರ: ಸೈಕಲ್ ಸವಾರಿ, 40 ನಿಮಿಷ
ಮಂಗಳವಾರ: ಭಾರ ವ್ಯಾಯಾಮ, 40 ನಿಮಿಷ
ಬುಧವಾರ: ಸೈಕಲ್ ಸವಾರಿ, 40 ನಿಮಿಷ
ಗುರುವಾರ: ವಿಶ್ರಾಂತಿ ಅಥವಾ ನಡಿಗೆ
ಶುಕ್ರವಾರ: ಭಾರ ವ್ಯಾಯಾಮ, 40 ನಿಮಿಷ
ಶನಿವಾರ: ವಿಶ್ರಾಂತಿ
ಭಾನುವಾರ: ದೀರ್ಘ ಸವಾರಿ, 90ರಿಂದ 120 ನಿಮಿಷ

ಪ್ರತಿದಿನ ಕೆಲಸಕ್ಕೆ ಸೈಕಲ್‌ನಲ್ಲಿ ತೆರಳುವವರು ಆ ಅವಧಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಕಚೇರಿಯವರೆಗೂ ಸೈಕಲ್ ತುಳಿಯಲಾಗದವರು ಮನೆಯಿಂದ ಮೆಟ್ರೋ ನಿಲ್ದಾಣದವರೆಗೆ ಸವಾರಿ ಮಾಡಬಹುದು. ಪೀಣ್ಯಕ್ಕೆ 2014ರಿಂದ, ವೈಟ್‌ಫೀಲ್ಡ್‌ಗೆ 2023ರಿಂದ ಹಾಗೂ ಎಲೆಕ್ಟ್ರಾನಿಕ್ ಸಿಟಿಗೆ 2025ರಿಂದ ಮೆಟ್ರೋ ಸಂಪರ್ಕವಿದೆ. ಒಂದೇ ದಿನ ಎರಡೂ ವ್ಯಾಯಾಮ ಮಾಡಬೇಕಾದಲ್ಲಿ ನಡುವೆ ಕೆಲವು ಗಂಟೆಗಳ ಅಂತರವಿರಲಿ. ಅದು ಸಾಧ್ಯವಾಗದಿದ್ದಲ್ಲಿ ಭಾರ ವ್ಯಾಯಾಮವನ್ನು ಮೊದಲು ಮಾಡುವುದು ಉತ್ತಮ. ದೀರ್ಘ ಸವಾರಿಯ ಹಿಂದಿನ ದಿನ ಕಾಲಿನ ಭಾರ ವ್ಯಾಯಾಮ ಬೇಡ.

ಭಾರ ವ್ಯಾಯಾಮದ ಕ್ರಮ

1. ಬಸ್ಕಿ: ತೊಡೆ ಮತ್ತು ಪೃಷ್ಠದ ಸ್ನಾಯುಗಳಿಗೆ. ಪ್ರಾರಂಭದಲ್ಲಿ ಕುರ್ಚಿಯಿಂದ ಎದ್ದು ಕುಳಿತರೂ ಸಾಕು. ನಂತರ ಡಂಬೆಲ್ ಹಿಡಿಯಬಹುದು.
2. ಡೆಡ್‌ಲಿಫ್ಟ್: ಬೆನ್ನನ್ನು ನೇರವಾಗಿರಿಸಿ, ಸೊಂಟದಿಂದ ಬಾಗಿ ಭಾರವನ್ನು ಎತ್ತುವುದು. ಇದನ್ನು ತಿಳಿದವರಿಂದ ಕಲಿಯತಕ್ಕದ್ದು.
3. ದಂಡ: ಎದೆ ಮತ್ತು ತೋಳುಗಳಿಗೆ. ನೆಲದ ಮೇಲೆ ಆಗದವರು ಗೋಡೆಗೆ ಕೈಯೂರಿ ಮಾಡಬಹುದು.
4. ಡಂಬೆಲ್ ಎಳೆತ: ಮುಂದಕ್ಕೆ ಬಾಗಿ ಡಂಬೆಲ್ಲನ್ನು ಹೊಟ್ಟೆಯ ಕಡೆಗೆ ಎಳೆಯುವುದು. ಬೆನ್ನಿನ ಮೇಲ್ಭಾಗಕ್ಕೆ ಉಪಯುಕ್ತ.
5. ಪ್ಲ್ಯಾಂಕ್: ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ದೇಹವನ್ನು ನೇರವಾಗಿ ನಿಲ್ಲಿಸುವುದು, 20ರಿಂದ 40 ಸೆಕೆಂಡು.

ಮೊದಲ 4 ವ್ಯಾಯಾಮಗಳನ್ನು ತಲಾ 8ರಿಂದ 12 ಬಾರಿಯಂತೆ 2 ಅಥವಾ 3 ಸೆಟ್ ಮಾಡುವುದು. ಸೆಟ್‌ಗಳ ನಡುವೆ ಒಂದೂವರೆಯಿಂದ 2 ನಿಮಿಷ ವಿಶ್ರಾಂತಿ ಅಗತ್ಯ. ಸೆಟ್ ಮುಗಿದಾಗ ಇನ್ನೂ 2 ಬಾರಿ ಮಾಡಬಹುದೆಂಬಷ್ಟು ಶಕ್ತಿ ಉಳಿದಿರಬೇಕು. 12 ಬಾರಿ ಸುಲಭವಾದಾಗ ಮಾತ್ರ ಭಾರವನ್ನು ಸ್ವಲ್ಪ ಹೆಚ್ಚಿಸುವುದು. ಎತ್ತುವಾಗ ಉಸಿರು ಬಿಡುವುದು, ಇಳಿಸುವಾಗ ಉಸಿರು ಎಳೆದುಕೊಳ್ಳುವುದು. ಉಸಿರು ಕಟ್ಟಿ ಎತ್ತಿದಲ್ಲಿ ರಕ್ತದೊತ್ತಡ ಒಮ್ಮೆಲೇ ಏರುತ್ತದೆ.

ಆಹಾರ

ವ್ಯಾಯಾಮದಿಂದ ವ್ಯಯವಾದ ಶಕ್ತಿಯು ಆಹಾರದಿಂದ ಬೇಗನೆ ಮರಳಿ ಬರುತ್ತದೆ. ಒಂದು ಗಂಟೆಯ ಸವಾರಿಯ ನಂತರ 2 ಮಸಾಲೆ ದೋಸೆ ಮತ್ತು ಸಕ್ಕರೆ ಹಾಕಿದ ಕಾಫಿ ಸೇವಿಸಿದಲ್ಲಿ ಆ ಸವಾರಿಯಿಂದ ತೂಕ ಇಳಿಯುವ ಸಂಭವವಿಲ್ಲ. ವಾರಕ್ಕೆ ಸುಮಾರು ಅರ್ಧ ಕಿ.ಗ್ರಾಂ. ಇಳಿಕೆ ಸುರಕ್ಷಿತ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹದ ಪ್ರತಿ ಕಿ.ಗ್ರಾಂ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಅಗತ್ಯ. ಭಾರ ವ್ಯಾಯಾಮ ಮಾಡುತ್ತ ತೂಕ ಇಳಿಸುವವರಿಗೆ ಸಾಮಾನ್ಯವಾಗಿ 1.2ರಿಂದ 1.6 ಗ್ರಾಂ ಸೂಚಿಸಲಾಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. 50 ಗ್ರಾಂ ಹೆಸರುಕಾಳು ಅಥವಾ ಹುರುಳಿಕಾಳಿನಲ್ಲಿ ಸುಮಾರು 11 ಗ್ರಾಂ, 2 ಮೊಟ್ಟೆಗಳಲ್ಲಿ ಸುಮಾರು 12 ಗ್ರಾಂ ಹಾಗೂ ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 16 ಗ್ರಾಂ ಪ್ರೋಟೀನ್ ದೊರೆಯುತ್ತದೆ. ಮೂಳೆಗೆ ಬೇಕಾದ ಸುಣ್ಣದಂಶ ರಾಗಿಯಲ್ಲಿ ಹೇರಳವಾಗಿದೆ. ಮುದ್ದೆಯ ಗಾತ್ರವನ್ನು ಸ್ವಲ್ಪ ತಗ್ಗಿಸಿ ಮೊಳಕೆಕಾಳಿನ ಸಾರು, ಸೊಪ್ಪು, ಮೊಟ್ಟೆ ಅಥವಾ ಮಜ್ಜಿಗೆಯನ್ನು ಹೆಚ್ಚಿಸುವುದು ಕಡಿಮೆ ಖರ್ಚಿನ ಮಾರ್ಗ.

ಪಾಳಿ ಕೆಲಸದವರ ಗಮನಕ್ಕೆ

ರಾತ್ರಿ ಪಾಳಿಯ ನಂತರ ಮೊದಲು ನಿದ್ರೆ, ಅನಂತರ ವ್ಯಾಯಾಮ. ನಿದ್ರೆಗೆಟ್ಟು ತುಮಕೂರು ರಸ್ತೆ, ಹೊಸೂರು ರಸ್ತೆ ಅಥವಾ ಹೊರ ವರ್ತುಲ ರಸ್ತೆಯಲ್ಲಿ ಲಾರಿಗಳ ನಡುವೆ ಸೈಕಲ್ ತುಳಿಯುವುದು ಪ್ರಾಣಾಪಾಯಕ್ಕೆ ಎಡೆಮಾಡಬಹುದು. ಹೆಲ್ಮೆಟ್, ಮುಂದಿನ ಹಾಗೂ ಹಿಂದಿನ ದೀಪಗಳು, ಬೆಳಕು ಪ್ರತಿಫಲಿಸುವ ಪಟ್ಟಿ ಇವು ಅವಶ್ಯಕ.

ಕಾರ್ಖಾನೆಯಲ್ಲಿ ಭಾರ ಹೊರುವ ಕಾರ್ಮಿಕರಿಗೆ ಆ ದುಡಿಮೆಯೇ ವ್ಯಾಯಾಮಕ್ಕೆ ಸಮವಲ್ಲ. ದುಡಿಮೆಯಲ್ಲಿ ದೇಹದ ಒಂದೇ ಪಕ್ಕಕ್ಕೆ, ಒಂದೇ ರೀತಿಯಲ್ಲಿ, ವಿಶ್ರಾಂತಿಯಿಲ್ಲದೆ ಒತ್ತಡ ಬೀಳುತ್ತದೆ. ಅಂತಹವರು ರಜಾ ದಿನ ಸೇರಿದಂತೆ ವಾರಕ್ಕೆ 2 ದಿನ, ತಲಾ 20 ನಿಮಿಷ ಪ್ಲ್ಯಾಂಕ್, ಬಸ್ಕಿ ಮತ್ತು ಬೆನ್ನಿನ ವ್ಯಾಯಾಮಗಳನ್ನು ಹಗುರವಾಗಿ ಮಾಡಿದರೆ ಸಾಕು.

ಪ್ರಗತಿಯ ಅಳತೆ

ತಕ್ಕಡಿಯೊಂದನ್ನೇ ನಂಬಬಾರದು. ಸ್ನಾಯು ಹೆಚ್ಚಿ ಕೊಬ್ಬು ಇಳಿಯುವಾಗ ತೂಕ ಕೆಲಕಾಲ ನಿಂತಲ್ಲೇ ನಿಲ್ಲಬಹುದು. 2 ವಾರಗಳಿಗೊಮ್ಮೆ ಸೊಂಟದ ಸುತ್ತಳತೆ, ಎತ್ತಿದ ಭಾರ ಮತ್ತು ಪರಿಚಿತ ಏರುದಾರಿಯನ್ನು ಹತ್ತಲು ತಗಲಿದ ಸಮಯ ಈ ಮೂರನ್ನೂ ಬರೆದಿಡುವುದು ಸೂಕ್ತ. ಬದಲಾವಣೆ ಗೋಚರಿಸಲು ಸಾಮಾನ್ಯವಾಗಿ 8ರಿಂದ 12 ವಾರ ಬೇಕಾಗುತ್ತದೆ.

ಸಾಮಾನ್ಯ ಸಂದೇಹಗಳು

ಹೊಟ್ಟೆಯ ಕೊಬ್ಬನ್ನು ಮಾತ್ರ ಕರಗಿಸಬಹುದೇ? ಸಾಧ್ಯವಿಲ್ಲ. ಹೊಟ್ಟೆಯ ವ್ಯಾಯಾಮದಿಂದ ಅಲ್ಲಿನ ಸ್ನಾಯು ಬಲಗೊಳ್ಳುತ್ತದೆ. ಕೊಬ್ಬು ಇಡೀ ದೇಹದಿಂದ ಇಳಿಯುತ್ತದೆ.

ಭಾರ ಎತ್ತಿದರೆ ಮಹಿಳೆಯರ ದೇಹ ಪುರುಷರಂತಾಗುವುದೇ? ಇಲ್ಲ. ವಾರಕ್ಕೆ 2 ದಿನಗಳ ವ್ಯಾಯಾಮದಿಂದ ಅಂತಹ ಬದಲಾವಣೆ ಆಗದು. ಋತುಬಂಧದ ನಂತರ ಮೂಳೆ ಸವೆಯುವುದನ್ನು ತಗ್ಗಿಸಲು ಇದು ಮಹಿಳೆಯರಿಗೆ ವಿಶೇಷವಾಗಿ ಉಪಯುಕ್ತ.

ಪುಡಿ, ಮಾತ್ರೆ, ಚುಚ್ಚುಮದ್ದು ಬೇಕೇ? ಊಟದಿಂದಲೇ ಪ್ರೋಟೀನ್ ಪಡೆಯಬಹುದು. ವೈದ್ಯರ ಚೀಟಿಯಿಲ್ಲದೆ ನೀಡುವ ಸ್ಟೀರಾಯ್ಡ್ ಚುಚ್ಚುಮದ್ದು ಹೃದಯ ಮತ್ತು ಯಕೃತ್ತಿಗೆ ಅಪಾಯಕಾರಿ.

ಮುನ್ನೆಚ್ಚರಿಕೆಗಳು

1. ಹೃದ್ರೋಗ, ನಿಯಂತ್ರಣದಲ್ಲಿಲ್ಲದ ರಕ್ತದೊತ್ತಡ, ಹರ್ನಿಯಾ ಅಥವಾ ಬೆನ್ನಿನ ಡಿಸ್ಕ್ ತೊಂದರೆ ಇರುವವರು ಹಾಗೂ ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಪ್ರಾರಂಭಿಸಬಾರದು.

2. ಇನ್ಸುಲಿನ್ ಅಥವಾ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಲ್ಲಿ ವ್ಯಾಯಾಮದ ವೇಳೆ ಸಕ್ಕರೆ ಅಂಶ ಕುಸಿಯಬಹುದು. ಬೆಲ್ಲ ಅಥವಾ ಗ್ಲೂಕೋಸ್ ಜೊತೆಯಲ್ಲಿರಲಿ.

3. ಹೊಸದಾಗಿ ಭಾರ ವ್ಯಾಯಾಮ ಆರಂಭಿಸಿದವರಲ್ಲಿ ತೀವ್ರ ಸ್ನಾಯು ನೋವಿನೊಂದಿಗೆ ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದಲ್ಲಿ ತಕ್ಷಣ ಆಸ್ಪತ್ರೆಗೆ ತೆರಳತಕ್ಕದ್ದು.

4. ಎದೆ ನೋವು, ಎಡಗೈ ಅಥವಾ ದವಡೆಗೆ ಹರಡುವ ನೋವು, ತಲೆಸುತ್ತು, ಅಸಹಜ ಉಸಿರುಕಟ್ಟುವಿಕೆ ಕಂಡುಬಂದಲ್ಲಿ ವ್ಯಾಯಾಮವನ್ನು ಕೂಡಲೇ ನಿಲ್ಲಿಸಿ 108 ಆಂಬ್ಯುಲೆನ್ಸ್ ಸೇವೆಗೆ ಕರೆ ಮಾಡುವುದು.

30 ವರ್ಷ ಮೇಲ್ಪಟ್ಟವರು ವ್ಯಾಯಾಮ ಪ್ರಾರಂಭಿಸುವ ಮೊದಲು ರಕ್ತದೊತ್ತಡ ಹಾಗೂ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು ಒಳಿತು. ಈ ಪರೀಕ್ಷೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಹಾಗೂ ನಮ್ಮ ಕ್ಲಿನಿಕ್‌ಗಳಲ್ಲಿ ಉಚಿತವಾಗಿ ಲಭ್ಯವಿವೆ. ಇ.ಎಸ್.ಐ. ವಿಮಾದಾರ ಕಾರ್ಮಿಕರು ತಮ್ಮ ಇ.ಎಸ್.ಐ. ಚಿಕಿತ್ಸಾಲಯದಲ್ಲಿಯೂ ಪರೀಕ್ಷೆ ಮಾಡಿಸಿಕೊಳ್ಳಬಹುದಾಗಿದೆ.